ಬೇಲಿ ಹಾರುವ ಕಳೆ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ಹಿರಿಯರು ಕೇಳಿ ಹೋಗಿದ್ದಾರೆ. ಕಳೆಯೇ ಎದ್ದು ಬೇಲಿ ಹಾರಿದರೆ ಹಿಡಿಯುವವರು ಯಾರು ಎಂದು ಕೇಳುವುದನ್ನು ಮಾತ್ರ ಮರೆತುಬಿಟ್ಟರು. ಮರೆತದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಈ ಕಥೆಗೆ ಕೆಲಸವಿರುತ್ತಿರಲಿಲ್ಲ. ಇದು ನಡೆದದ್ದು ನಡೆದ ಹಾಗೆಯೇ. ಉಪ್ಪು ಖಾರ ಹಚ್ಚಿದ್ದರೂ ರುಚಿಗೆ ತಕ್ಕಷ್ಟೇ.

ಬೆಳಗಿನ ಹಾಲು ಕರೆದಾಗಿತ್ತು. ಸೊಸೆ ಕ್ಯಾನುಗಳನ್ನು ರಸ್ತೆ ಬದಿಯ ಕಟ್ಟೆಯ ಮೇಲಿಟ್ಟು ಕೊಟ್ಟಿಗೆಗೆ ಮರಳುವಷ್ಟರಲ್ಲಿ ಮಾವ ಹುಲ್ಲುಗಾವಲಿನಲ್ಲಿ ಬಗ್ಗಿ ನಿಂತು ಯಾರನ್ನೋ ಬೈಯುತ್ತಿದ್ದರು. ಎದುರಿಗೆ ಯಾರೂ ಇರಲಿಲ್ಲ. ಮೊಣಕಾಲೆತ್ತರದ ಒಂದು ಮುಳ್ಳುಗಿಡವಿತ್ತು, ಅಷ್ಟೆ. ಮೈತುಂಬ ಮುಳ್ಳು, ತಲೆಯ ಮೇಲೊಂದು ಹಳದಿ ಹೂವು. ಮದುವೆಗೆ ಹೊರಟ ರೌಡಿಯ ಹಾಗಿತ್ತು ಅದರ ಠೀವಿ.

"ಬರ್ತೀಯೋ ಇಲ್ವೋ? ಹೇಳ್ದೆ ಕೇಳ್ದೆ ಬಂದು ಕೂತ್ಕೊಂಡಿದೀಯಲ್ಲ, ನಿಂದೇನು ಮಾವನ ಮನೆಯಾ ಇದು?" ಎನ್ನುತ್ತ ಮಾವ ಗೋಣಿಚೀಲ ಸುತ್ತಿದ ಕೈಯಿಂದ ಜಗ್ಗಿದರು. ಗಿಡ ಕತ್ತಿನಲ್ಲೇ ಪಟ್ಟನೆ ಮುರಿಯಿತು. ಬೇರು ನೆಲದೊಳಗೆ ಕ್ಷೇಮವಾಗಿ ಉಳಿಯಿತು. ಮಾವ ಹಿಂದಕ್ಕೆ ಬಿದ್ದು ಕುಳಿತರು.

"ಪೆಟ್ಟಾಯ್ತಾ ಮಾವ?"

"ಇಲ್ಲಮ್ಮ, ಗಾಳಿ ಸ್ವಲ್ಪ ಜೋರಿತ್ತು" ಎಂದರು ಮಾವ.

ಹಾಲು ಒಡೆದರೆ ಗಾಳಿ, ಬಾಗಿಲು ಕಿರುಗುಟ್ಟಿದರೆ ಗಾಳಿ, ಸೊಂಟ ಹಿಡಿದರಂತೂ ಗಾಳಿಯೇ. ಹೀಗಾಗಿ ಸುತ್ತಮುತ್ತಲಿನವರು ಅವರನ್ನು ಗಾಳಿಮಾವ ಎಂದೇ ಕರೆಯುತ್ತಿದ್ದರು. ಕಳೆಯ ವಿಷಯದಲ್ಲೂ ಅವರ ಸಿದ್ಧಾಂತ ಅದೇ: ಬೀಜವನ್ನೆಲ್ಲ ಎಡಗಡೆಯ ನೆರೆಮನೆಯ ಅಕ್ಕನ ಹುಲ್ಲುಗಾವಲಿನಿಂದ ಗಾಳಿ ಹೊತ್ತು ತರುತ್ತದೆ.

ಅಲ್ಲಿನ ಗುಡ್ಡ ಬೋರಲು ಹಾಕಿದ ಬಟ್ಟಲಿನಂತಿತ್ತು. ಅದನ್ನು ಮೂರು ಬೇಲಿಗಳು ಕಲ್ಲಂಗಡಿ ಹೋಳಿನ ಹಾಗೆ ಮೂರು ಪಾಲು ಮಾಡಿದ್ದವು. ಒಂದು ಪಾಲು ಗಾಳಿಮಾವನದು, ಅದರ ಎಡಕ್ಕೆ ಅಕ್ಕನದು, ಅಕ್ಕನ ಎಡಕ್ಕೆ ಬಡಗಿಯದು. ಬಡಗಿಯ ಎಡಕ್ಕೆ ಮತ್ತೆ ಗಾಳಿಮಾವ, ಗುಡ್ಡ ದುಂಡಗಿದ್ದರೆ ಇನ್ನೇನಾಗುತ್ತದೆ? ಕಳೆ ಬಂದದ್ದು ಬಡಗಿಯ ಕಡೆಯಿಂದ ಎಂದು ಅಕ್ಕ ನಂಬಿದ್ದಳು. ಗಾಳಿಮಾವನ ಕಡೆಯಿಂದ ಎಂದು ಬಡಗಿ ನಂಬಿದ್ದ. ಮೂವರೂ ಸ್ವಾಭಿಮಾನಿಗಳು. ಕಿತ್ತ ಗಿಡವನ್ನು 'ಬಂದ ಕಡೆಗೇ ಹೋಗಲಿ' ಎಂದು ಎಡಗಡೆಯ ಬೇಲಿಯಾಚೆ ಎಸೆಯುವುದು ಗುಡ್ಡದ ಪದ್ಧತಿಯಾಗಿತ್ತು. ಹೂಬಿಟ್ಟ ಗಿಡವನ್ನು ಕಿತ್ತರೂ ಅದು ಬಿದ್ದಲ್ಲೇ ಬೀಜ ಕಟ್ಟುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ತಮ್ಮ ಕಡೆ ಇಟ್ಟುಕೊಳ್ಳುತ್ತಿರಲಿಲ್ಲ.

ಆ ದಿನ ತಿಂಡಿಯ ಹೊತ್ತಿಗೆ ಮಾವ ಸೊಸೆಯ ಮುಖ ನೋಡದೆ ಹೇಳಿದರು: "ಭಾನುವಾರ ದನದ ದಲ್ಲಾಳಿ ಬರ್ತಾನೆ. ಚುಕ್ಕಿನ ಕೊಟ್ಟುಬಿಡೋಣ."

ಸೊಸೆಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಚುಕ್ಕಿ ಹುಟ್ಟಿದ ವಾರದಲ್ಲೇ ತಾಯಿಯನ್ನು ಕಳೆದುಕೊಂಡ ಕರು. ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ತನ್ನ ಶಾಲು ಹೊದಿಸಿ ಬೆಳೆಸಿದವಳು ಅವಳೇ. ಈಗದು ಗಬ್ಬವಾದ ಕಡಸು.

"ಚುಕ್ಕಿನಾ? ಯಾಕೆ ಮಾವ?"

"ಹುಲ್ಲೆಲ್ಲಿದೆಯಮ್ಮ? ಎಲ್ಲಿ ನೋಡಿದ್ರೂ ಮುಳ್ಳು. ಇರೋ ಹುಲ್ಲು ಹಾಲು ಕೊಡೋ ಹಸುಗಳಿಗೇ ಸಾಲ್ತಿಲ್ಲ. ನನಗೇನು ಖುಷಿಯಾ? ಆ ಅಕ್ಕ ಕಳೆ ಕಿತ್ತಿದ್ರೆ ನಮಗೀ ಗತಿ ಬರ್ತಿತ್ತಾ?"

ವಾದ ಮಾಡಿ ಪ್ರಯೋಜನವಿಲ್ಲವೆಂದು ಸೊಸೆಗೆ ಗೊತ್ತಿತ್ತು. ಅವಳು ಅಕ್ಕನ ಬೇಲಿಯ ಬಳಿ ಹೋದಳು. ಅಕ್ಕ ಕವೆಗೋಲಿನಿಂದ ಕಳೆಯ ರಾಶಿಯನ್ನು ಬಡಗಿಯ ಕಡೆಗೆ ಸಾಗಿಸುತ್ತಿದ್ದಳು.

"ಅಕ್ಕಾ, ಇದನ್ನ ಒಂದು ಗುಂಡಿಗೆ ಹಾಕಿ ಸುಡಬಾರದಾ?"

"ನಾನ್ಯಾಕೆ ಸುಡ್ಲಿ? ಅವನ ಮನೆ ಗಿಡಕ್ಕೆ ನಾನು ಸಂಸ್ಕಾರ ಮಾಡಬೇಕಾ?" ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ನಿಮ್ಮ ಮಾವನ್ನ ಕೇಳು ಹೋಗು. ಏಳು ದನ ಬಿಟ್ಟು ಹುಲ್ಲನ್ನ ಬೋಳು ಹೊಡೆಸಿದಾರೆ. ತಲೆ ಎತ್ತೋಕೆ ಬಿಡದಿದ್ರೆ ಹುಲ್ಲು ಸಾಯುತ್ತೆ, ಖಾಲಿ ಜಾಗಕ್ಕೆ ಮುಳ್ಳು ಬರುತ್ತೆ."

ಬಡಗಿ ತನ್ನ ಶೆಡ್ಡಿನಲ್ಲಿ ಕುರ್ಚಿಯ ಕಾಲು ಉಜ್ಜುತ್ತಿದ್ದ. ಅವನಿಗಿದ್ದದ್ದು ಒಂದೇ ಒಂದು ಮುದಿ ಕುದುರೆ. ಕಳೆಯ ನಡುವೆಯೂ ಅವನ ಪಾಲಿನ ಹುಲ್ಲು ಸೊಂಟದವರೆಗೆ ಬೆಳೆದು ಬಾಗಿತ್ತು.

"ಹುಲ್ಲು ಹಾಳಾಗ್ತಿದೆ ಅಂತ ನನಗೂ ಗೊತ್ತು ಕಣಮ್ಮ" ಎಂದ ಅವನು. "ಇಲ್ಲಿ ಮೇಯೋಕೆ ದನ ಬಿಡಿ ಅಂತ ಹೇಳೋಣ ಅಂದ್ರೆ ನಿಮ್ಮ ಮಾವ ನನ್ನ ಕಂಡ್ರೆ ಮುಖ ಆ ಕಡೆ ತಿರುಗಿಸ್ತಾರೆ. ಬೆನ್ನಿಗೆ ಆಮಂತ್ರಣ ಕೊಡೋಕಾಗುತ್ತಾ?"

ಮೂವರ ಮಾತಿನಲ್ಲೂ ಸತ್ಯವಿತ್ತು, ಮೂವರ ಕಿವಿಯಲ್ಲೂ ಹತ್ತಿಯಿತ್ತು. ಸೊಸೆಗೆ ಕಾಲೇಜಿನ ದಿನಗಳಿಂದಲೂ ಒಂದು ವಿದ್ಯೆ ಕರಗತವಾಗಿತ್ತು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅವಳ ಗಂಟಲಿಗೆ ಬಂದು ಕೂರುತ್ತಿತ್ತು. ಒಂದು ಶನಿವಾರ ಪ್ರಿನ್ಸಿಪಾಲರು ಮೈಕಿನಲ್ಲಿ ರಜೆ ಘೋಷಿಸಿದಾಗ ಪ್ರಿನ್ಸಿಪಾಲರು ಊರಲ್ಲೇ ಇರಲಿಲ್ಲ ಎಂಬ ಗುಮಾನಿ ಇಂದಿಗೂ ಇದೆ. ಆದರೆ ಈ ಸಲ ದನಿಯೊಂದರಿಂದಲೇ ಕೆಲಸವಾಗದು ಎಂದು ಅವಳಿಗೆ ಅನ್ನಿಸಿತು. ಕೊಟ್ಟಿಗೆಯ ಮೊಳೆಯಲ್ಲಿ ಮಾವನ ಹಳೆಯ ಅಂಗಿ ನೇತಾಡುತ್ತಿತ್ತು. ಕಿತ್ತಳೆ, ಹಸಿರು, ನೇರಳೆ ಚೌಕಳಿಯ ಅಂಗಿ. ಅಂಥ ಬಣ್ಣವನ್ನು ಒಮ್ಮೆ ಕಂಡವರು ಮರೆಯಲಾರರು, ಮರೆಯಲು ಪ್ರಯತ್ನಿಸಿದವರಿದ್ದರು.

ಮಾವ ಅಂದು ಕಿತ್ತ ಕಳೆ ಬೇಲಿಯ ಬಳಿ ರಾಶಿ ಬಿದ್ದಿತ್ತು. ಅವರು ಊಟಕ್ಕೆ ಹೋದಾಗ ಸೊಸೆ ಅಂಗಿಯನ್ನು ಪಟ್ಟಿ ಪಟ್ಟಿಯಾಗಿ ಹರಿದಳು. ಬೇರುಸಹಿತ ಬಂದಿದ್ದ ಒಂದಷ್ಟು ಗಿಡಗಳನ್ನು ಆರಿಸಿ, ಬೇರಿಗೆ ಪಟ್ಟಿ ಸುತ್ತಿ, ಮೇಲೆ ಹಸಿಮಣ್ಣು ಮೆತ್ತಿದಳು. ಊಟ ಮುಗಿಸಿ ಬಂದ ಮಾವ ಕವೆಗೋಲಿನಿಂದ ರಾಶಿಯನ್ನೆತ್ತಿ ಅಕ್ಕನ ಕಡೆಗೆ ಎಸೆದು ಕೈ ಕೊಡವಿಕೊಂಡರು. ಮರುದಿನ ಅಕ್ಕ ಅದನ್ನು ಬಡಗಿಯ ಕಡೆಗೆ ದಾಟಿಸಿದಳು. ಶನಿವಾರ ಸಂಜೆ ಬಡಗಿ ಉದ್ದ ಹಿಡಿಯ ಕವೆಗೋಲು ಹಿಡಿದು ಗಾಳಿಮಾವನ ಕಡೆಗೆ ಹೊರಟಾಗ ಸೊಸೆ ಹಿತ್ತಿಲ ಕಿಟಕಿಯಿಂದ ನೋಡಿದಳು. ಬೆಳಗಾದರೆ ದಲ್ಲಾಳಿ ಬರುವವನಿದ್ದ.

ಭಾನುವಾರ ದಲ್ಲಾಳಿ ಚುಕ್ಕಿಯ ಸುತ್ತ ಒಂದು ಸುತ್ತು ಬಂದು, ಹಲ್ಲು ನೋಡಿ, ಬೆನ್ನು ತಟ್ಟಿದ. ಚುಕ್ಕಿ ಸೊಸೆಯ ಸೆರಗನ್ನು ಬಾಯಲ್ಲಿಟ್ಟುಕೊಂಡು ನಿಂತಿತ್ತು.

"ಇಷ್ಟು ಒಳ್ಳೆ ಕಡಸನ್ನ ಯಾಕೆ ಮಾರ್ತೀರಾ?" ಎಂದು ದಲ್ಲಾಳಿ ಕೇಳಿದ.

ಮಾವನಿಗೆ ಅಷ್ಟೇ ಬೇಕಿತ್ತು. ಅವನನ್ನು ಬಡಗಿಯ ಬೇಲಿಯ ಬಳಿಗೆ ಎಳೆದೊಯ್ದರು. ಅಲ್ಲಿ ಹೊಸ ಕಳೆಯ ರಾಶಿ ಬಿದ್ದಿತ್ತು.

"ನೋಡ್ರೀ! ಕಣ್ಣಾರೆ ನೋಡ್ರೀ! ಗಾಳಿ ಅಕ್ಕನ ಕಡೆಯಿಂದ ತಂದು ಹಾಕುತ್ತೆ, ಈ ಮನುಷ್ಯ ಈ ಕಡೆಯಿಂದ ತಂದು ಹಾಕ್ತಾನೆ. ಬಡಗೀ! ಅಕ್ಕಾ! ಬನ್ನಿ ಇಲ್ಲಿ. ಇವತ್ತು ತೀರ್ಮಾನ ಆಗಿಹೋಗಲಿ!"

ಇಬ್ಬರೂ ಬಂದರು. ಬಡಗಿಯ ಕಿವಿಯ ಹಿಂದೆ ಪೆನ್ಸಿಲಿತ್ತು, ಅಕ್ಕನ ಕೈಯಲ್ಲಿ ಹಿಟ್ಟಿತ್ತು.

"ನನ್ನದಲ್ಲ ಅದು" ಎಂದ ಬಡಗಿ. "ಅಕ್ಕನ ಕಡೆಯಿಂದ ಬಂದದ್ದು. ನಿಮ್ಮ ಬೀಜದ್ದು ಅಂತ ನಿಮಗೆ ಕಳಿಸಿದೆ."

"ನಂಗೆ ಬಂದದ್ದು ಈ ಅಣ್ಣನ ಕಡೆಯಿಂದ" ಎಂದಳು ಅಕ್ಕ, ಮಾವನತ್ತ ಹಿಟ್ಟಿನ ಕೈ ತೋರಿಸಿ.

"ಸುಳ್ಳು! ಇದು ಯಾರ ನೆಲದ್ದು ಅಂತ ಬೇರಿನ ಮಣ್ಣೇ ಹೇಳುತ್ತೆ. ಯಾರದ್ದು ಅಂತ ಗೊತ್ತಾಗುತ್ತೋ ಅವರು ಗುಡ್ಡದ ಕಳೆ ಪೂರಾ ಕೀಳಬೇಕು, ಒಪ್ಪಿಗೆಯಾ?" ಎಂದ ಮಾವ, ಉತ್ತರಕ್ಕೂ ಕಾಯದೆ ಬೇರಿಗೆ ಮಣ್ಣು ಮೆತ್ತಿಕೊಂಡಿದ್ದ ಒಂದು ಗಿಡವನ್ನೆತ್ತಿ ಬೇಲಿಯ ಕಂಬಕ್ಕೆ ಬಡಿದರು. ಮಣ್ಣು ಉದುರಿತು. ಕಿತ್ತಳೆ, ಹಸಿರು, ನೇರಳೆ ಹೊರಬಂತು.

"ಹಾಂ! ಸಿಕ್ಕಿಬಿದ್ದ! ಬಣ್ಣ ಒರೆಸೋ ಬಟ್ಟೆ! ಬಡಗಿಗಲ್ಲದೆ ಇನ್ಯಾರಿಗಿರುತ್ತೆ ಇಂಥ ಬಟ್ಟೆ?"

ಬಡಗಿ ಬಗ್ಗಿ ನೋಡಿದ. "ಅಯ್ಯೋ, ಬಣ್ಣ ಒರೆಸೋಕೂ ಇಂಥ ಬಟ್ಟೆ ಬಳಸಲ್ಲ ನಾನು. ಮರ ಹೆದರುತ್ತೆ."

ಅಕ್ಕ ಎರಡನೆಯ ಗಿಡವನ್ನು ಕೊಡವಿದಳು. ಇನ್ನೊಂದು ಪಟ್ಟಿ ಬಂತು, ಅದರಲ್ಲೊಂದು ಗುಂಡಿಯೂ ಇತ್ತು. "ಅಣ್ಣಾ, ನನ್ನ ಮಗಳ ಮದುವೆಗೆ ಇದನ್ನೇ ಅಲ್ವಾ ಹಾಕ್ಕೊಂಡು ಬಂದಿದ್ದು? ಫೋಟೋದಲ್ಲಿ ಮದುಮಗಳಿಗಿಂತ ನೀವೇ ಎದ್ದು ಕಾಣ್ತೀರಿ."

ಮಾವ ಪಟ್ಟಿಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಬಾಯಿ ತೆರೆದರು. ಅದರಿಂದ ಮಾತು ಹೊರಡುವ ಮೊದಲೇ ಅವರದೇ ದನಿ ಹಿಂದಿನಿಂದ ಕೇಳಿಸಿತು: "ಗಾಳಿ ತಂದಿರಬೇಕು ಬಿಡ್ರೀ! ಅಂಗಿಯಲ್ವಾ, ಹಾರಿರುತ್ತೆ!"

ಎಲ್ಲರೂ ತಿರುಗಿದರು. ಸೊಸೆ ಚುಕ್ಕಿಯ ಕೊರಳು ಹಿಡಿದು ನಿಂತಿದ್ದಳು.

"ನಾನೇ ಕಟ್ಟಿದ್ದು ಮಾವ" ಎಂದಳು, ಈಗ ತನ್ನ ದನಿಯಲ್ಲಿ. "ನೀವು ಅಕ್ಕನ ಕಡೆ ಎಸೆದ್ರಿ. ಅದು ಗುಡ್ಡ ಸುತ್ತಿ ಮನೆಗೇ ಬಂತು, ದಾರಿಯುದ್ದಕ್ಕೂ ಬೀಜ ಉದುರಿಸಿಕೊಂಡು. ಕಳೆ ಊರೂರು ತಿರುಗ್ತಿದೆ. ಚುಕ್ಕಿ ಮನೆ ಬಿಡ್ತಾ ಇದೆ."

ಮಾವನ ಕಿವಿ ಕೆಂಪಾಯಿತು. ಅವರು ರಾಶಿಯನ್ನೊಮ್ಮೆ, ಬೋಳು ನೆಲವನ್ನೊಮ್ಮೆ, ಕಡಸನ್ನೊಮ್ಮೆ ನೋಡಿದರು.

"ನಾನು ಎಸೆದದ್ದೂ ಇದರಲ್ಲಿದೆ" ಎಂದಳು ಅಕ್ಕ, ಮೆಲ್ಲಗೆ.

"ನಾನು ಎಸೆದದ್ದಂತೂ ನೀವೇ ನೋಡಿದ್ರಲ್ಲ" ಎಂದ ಬಡಗಿ.

ಮಾವ ದಲ್ಲಾಳಿಯ ಕಡೆ ತಿರುಗಿದರು. "ಸುಮ್ನೆ ಕರೆಸಿದ ಹಾಗಾಯ್ತು ನಿಮ್ಮನ್ನ. ಚಹಾ ಕುಡಿದುಕೊಂಡು ಹೋಗಿ." ಬಳಿಕ ಕೊಟ್ಟಿಗೆಗೆ ಹೋಗಿ ಇಕ್ಕಳ ತಂದರು. ಬಡಗಿಯ ಕಡೆಯ ಬೇಲಿಯ ತಂತಿಯನ್ನು ಒಂದು ಕಂಬದಿಂದ ಬಿಚ್ಚಿ, ದನ ನುಗ್ಗುವಷ್ಟು ಸುರುಳಿ ಸುತ್ತಿದರು.

"ನಿನ್ನ ಹುಲ್ಲಿಗೆ ನನ್ನ ದನ ಬಿಡಬಹುದಾ?" ಎಂದು ಕೇಳಿದರು, ತಂತಿಯನ್ನೇ ನೋಡುತ್ತ.

"ಇಷ್ಟು ದಿನ ನಿಮ್ಮ ಬೆನ್ನಿಗೆ ಅದನ್ನೇ ಹೇಳ್ತಿದ್ದೆ" ಎಂದ ಬಡಗಿ. "ಇಲ್ಲಿಗೊಂದು ಗೇಟು ಮಾಡಿಕೊಡ್ತೀನಿ."

ಆಮೇಲೆ ಅಕ್ಕನ ಬೇಲಿಗೂ ಗೇಟು ಬಂತು, ಗುಡ್ಡಕ್ಕೆ ಹೊಸ ಪದ್ಧತಿ ಬಂತು. ದನ, ಕುದುರೆ ಎಲ್ಲ ಒಟ್ಟಾಗಿ ಒಂದು ಪಾಲಿನಲ್ಲಿ ಮೇಯುವಾಗ ಉಳಿದೆರಡು ಪಾಲಿನ ಹುಲ್ಲು ತಲೆಯೆತ್ತುತ್ತಿತ್ತು. ಮಳೆ ಬಿದ್ದು ನೆಲ ಮೆತ್ತಗಾದ ದಿನ ಎಲ್ಲರೂ ಹಾರೆ ಹಿಡಿದು ಹೊರಡುತ್ತಿದ್ದರು. ಹೂವಾಗುವ ಮುಂಚೆಯೇ ಬುಡದ ಪಕ್ಕಕ್ಕೆ ಹಾರೆ ಇಳಿಸಿ, ಮೀಟಿ, ಬೇರು ಮುರಿಯದಂತೆ ಎತ್ತುವುದು. ಎತ್ತಿದ್ದೆಲ್ಲ ಒಂದೇ ಗುಂಡಿಗೆ, ಒಣಗಿದ ಮೇಲೆ ಬೆಂಕಿಗೆ. ಕಳೆ ಒಂದೇ ವರ್ಷಕ್ಕೆ ಹೋಗಲಿಲ್ಲ. ಮೊಂಡು ಗಿಡ ಅದು, ಮೂರು ಮನೆಯವರ ಬುದ್ಧಿ ಕಲಿತದ್ದು. ಆದರೆ ವರ್ಷ ವರ್ಷಕ್ಕೂ ತೆಳುವಾಯಿತು. ಚುಕ್ಕಿ ಹೆಣ್ಣುಕರು ಹಾಕಿತು.

ಹಾಗೆ ಎಲ್ಲರೂ ಕಳೆ ಕೀಳುತ್ತಿದ್ದ ಒಂದು ದಿನ ಹಾಲಿನ ವ್ಯಾನಿನವನು ಗುಂಡಿಯ ಬಳಿ ಬಂದು, "ಅದೇನೋ ಅಂಗಿ ಕಥೆಯಂತಲ್ಲ?" ಎಂದು ಕೇಳಿದ. ಬಡಗಿ ಹೇಳಲು ಶುರುಮಾಡಿದ: "ಇವರದೊಂದು ನೀಲಿ ಅಂಗಿ..."

"ನೀಲಿಯಂತೆ! ಸರಿಯಾಗಿ ಹೇಳೋಕೆ ಬರದಿದ್ರೆ ಸುಮ್ನಿರು" ಎಂದು ಮಾವ ಹಾರೆಯನ್ನು ನೆಲಕ್ಕೆ ಊರಿ ಎದ್ದು ನಿಂತರು. "ನಾನು ಹೇಳ್ತೀನಿ ಕೇಳಪ್ಪ. ಈ ನನ್ನ ಸೊಸೆ ಇದಾಳಲ್ಲ..." ಎಂದು ಅವಳ ದನಿಯನ್ನು ಅನುಕರಿಸಹೋದರು. ಅದು ಕೆಮ್ಮುವ ಆಡಿನ ದನಿಯಾಯಿತು. ಅಕ್ಕ ಕಣ್ಣೊರೆಸಿಕೊಂಡು ನಕ್ಕಳು, ಸೊಸೆ ಹುಲ್ಲಿನ ಮೇಲೆ ಕುಸಿದು ಕುಳಿತು ನಕ್ಕಳು. ಗಿಡವನ್ನು ಕಂಬಕ್ಕೆ ಬಡಿಯುವ ಘಟ್ಟ ಇನ್ನೂ ಬಂದಿರಲೇ ಇಲ್ಲ, ಅಷ್ಟರಲ್ಲೇ ಮಾವನ ಹೊಟ್ಟೆ ಕುಲುಕತೊಡಗಿ, ಮಾತು ನಿಂತು, ಅವರು ಹಾರೆಗೆ ಜೋತುಬಿದ್ದು ನಕ್ಕ ನಗೆಗೆ ಗುಡ್ಡದಾಚೆ ಮೇಯುತ್ತಿದ್ದ ಕುದುರೆ ಕತ್ತೆತ್ತಿ ನೋಡಿತು.