ಎಣ್ಣೆಯಲ್ಲಿ ತೂಗಿದ ಮೀಟರು

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮುಳ್ಳಣ್ಣ ಎಂದೇ ಕರೆಯುತ್ತಿದ್ದರು. ಒತ್ತಡ ಅಳೆಯುವ ಮೀಟರುಗಳನ್ನು ಬಿಚ್ಚಿ, ಸರಿಮಾಡಿ, ತಾಳೆ ನೋಡಿ ಕೊಡುವುದು ಅವನ ಕೆಲಸ. ಮುಳ್ಳು ಅರ್ಧ ಗೆರೆ ಆಚೀಚೆಯಾದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಬಾಯ್ಲರಿನವರು "ಸುಮಾರಾಗಿದ್ರೆ ಸಾಕಣ್ಣ, ಬೇಗ ಕೊಡು" ಎಂದರೆ, "ಸುಮಾರಾಗಿ ಸಾಯ್ತೀಯೋ, ಪೂರ್ತಿ ಸಾಯ್ತೀಯೋ?" ಎಂದು ಬಾಯಿ ಮುಚ್ಚಿಸುತ್ತಿದ್ದ. ಮೂವತ್ತು ವರ್ಷದಲ್ಲಿ ಅವನ ಮೇಜಿನಿಂದ ಒಂದೇ ಒಂದು ಸುಳ್ಳು ಮುಳ್ಳು ಹೊರಗೆ ಹೋಗಿರಲಿಲ್ಲ. ಆ ಜಂಬವೇ ಅವನಿಗೆ ಮುಳುವಾಯಿತು.

ಮನೆಯಲ್ಲಿ ಹೆಂಡತಿಯ ಶ್ವಾಸಕೋಶ ಕೈಕೊಟ್ಟು ಎಂಟು ತಿಂಗಳಾಗಿತ್ತು. ಮಂಚದ ಪಕ್ಕದಲ್ಲಿ ಎರಡು ಆಮ್ಲಜನಕದ ಸಿಲಿಂಡರು, ಒಂದು ನಡೆಯುತ್ತಿರುವುದು, ಇನ್ನೊಂದು ತುಂಬಿಟ್ಟಿದ್ದು. ಅವುಗಳ ಬಾಯಿಗೆ ಕೂರಿಸಲು ಎರಡು ರೆಗ್ಯುಲೇಟರು, ಒಂದೊಂದಕ್ಕೂ ಒಂದೊಂದು ಮೀಟರು. ಆಮ್ಲಜನಕದ ಮುಳ್ಳು ನಂಬಿಕಸ್ಥ. ಅನಿಲ ಅರ್ಧವಾದರೆ ಅದೂ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಮುಳ್ಳಣ್ಣ ಹೆಂಡತಿಯ ಮುಖಕ್ಕಿಂತ ಹೆಚ್ಚಾಗಿ ಆ ಮುಳ್ಳನ್ನೇ ನೋಡುತ್ತಿದ್ದ. ಮುಖ ನೋಡುವುದು ಅವನ ಕೈಲಾಗುತ್ತಿರಲಿಲ್ಲ, ಪಾಪ.

ಬದಲಿ ರೆಗ್ಯುಲೇಟರಿನ ಮುಳ್ಳು ಸೊನ್ನೆಗೆ ಸರಿಯಾಗಿ ಮರಳುತ್ತಿಲ್ಲ ಎಂದು ಅವನಿಗೆ ಅನುಮಾನ ಬಂದಿತ್ತು. ನಿನ್ನೆ ಆ ಮೀಟರನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿದ್ದ. ಮೀಟರಿನ ಒಳಗೆ ಇರುವುದು ಕುಡುಗೋಲಿನ ಹಾಗೆ ಬಾಗಿದ, ತುದಿ ಮುಚ್ಚಿದ ಒಂದು ಚಪ್ಪಟೆ ಕೊಳವೆ, ಅಷ್ಟೆ. ಒಳಗೆ ಒತ್ತಡ ಬಿದ್ದರೆ ಅದು ನೆಟ್ಟಗಾಗಲು ನೋಡುತ್ತದೆ. ತುದಿ ಕೂದಲೆಳೆಯಷ್ಟು ಸರಿಯುತ್ತದೆ, ಆ ಸರಿದಾಟವನ್ನು ಒಂದು ಕಡ್ಡಿ ಹಲ್ಲುಚಕ್ರಕ್ಕೆ ದಾಟಿಸುತ್ತದೆ, ಚಕ್ರ ಮುಳ್ಳನ್ನು ತಿರುಗಿಸುತ್ತದೆ. ಒತ್ತಿದ್ದು ನೀರೋ, ಹಬೆಯೋ, ಗಾಳಿಯೋ, ಕೊಳವೆಗೆ ಅದರ ಗೊಡವೆಯಿಲ್ಲ. ಅದಕ್ಕೇ ಮುಳ್ಳಣ್ಣ ಹೆಚ್ಚುಕಡಿಮೆ ಎಲ್ಲ ಮೀಟರುಗಳನ್ನೂ ಒಂದೇ ಯಂತ್ರದಲ್ಲಿ ತಾಳೆ ನೋಡುತ್ತಿದ್ದ. ಎಣ್ಣೆ ತುಂಬಿದ ಆ ಯಂತ್ರದ ಪಿಸ್ಟನ್ನಿನ ಮೇಲೆ ತೂಕದ ಬಿಲ್ಲೆಗಳನ್ನು ಪೇರಿಸಿ, ಹಿಡಿ ತಿರುಗಿಸಿದರೆ ಎಣ್ಣೆ ಆ ತೂಕವನ್ನು ಎತ್ತಿ ಹಿಡಿಯುತ್ತದೆ. ಅದೇ ಎಣ್ಣೆ ಮೀಟರಿನ ಕೊಳವೆಗೂ ನುಗ್ಗುತ್ತದೆ. ತೂಕ ನೂರು ಅಂದರೆ ಮುಳ್ಳೂ ನೂರು ಅನ್ನಬೇಕು.

ಹೆಂಡತಿಯ ಮೀಟರನ್ನೂ ಅದಕ್ಕೇ ಹಾಕಿ, ಐದು ಸಲ ತೂಗಿ, ಗಾಜು ಒರೆಸಿ, ಸಂಜೆ ರೆಗ್ಯುಲೇಟರಿಗೆ ಬಿಗಿದಿದ್ದ. ಬೇರೆಯವರ ಮೀಟರಾಗಿದ್ದರೆ ಎರಡೇ ಸಲ ತೂಗುತ್ತಿದ್ದ.

ಇವತ್ತು ಹನ್ನೊಂದು ಇಪ್ಪತ್ತಕ್ಕೆ ವೆಲ್ಡಿಂಗ್ ವಿಭಾಗದ ಹೆಂಗಸು ಒಂದು ಮೀಟರು ತಂದು ಮೇಜಿನ ಮೇಲಿಟ್ಟಳು.

"ಅಣ್ಣಾ, ಇದು ಆಕ್ಸಿಜನ್ದು. ನಿಮ್ಮ ಎಣ್ಣೆ ಮಿಷನ್ನಿಗೆ ಹಾಕ್ಬೇಡಿ ಮತ್ತೆ. ನೀರಿಂದು ಇದ್ಯಲ್ಲ, ಅದ್ರಲ್ಲಿ ನೋಡಿ."

"ನಂಗೇ ಪಾಠ ಹೇಳ್ತೀಯೇನಮ್ಮಾ?" ಎಂದು ನಕ್ಕ ಮುಳ್ಳಣ್ಣನ ನಗು ಅರ್ಧಕ್ಕೇ ನಿಂತಿತು.

ಅವನಿಗೆ ಗೊತ್ತಿಲ್ಲದ್ದೇನಲ್ಲ. ಬಿಗಿಯಾಗಿ ತುಂಬಿದ ಆಮ್ಲಜನಕಕ್ಕೆ ಎಣ್ಣೆಯ ಪಸೆ ಸಿಕ್ಕರೆ ಕಡ್ಡಿ ಗೀರಬೇಕಾಗಿಲ್ಲ, ತಾನೇ ಹೊತ್ತಿಕೊಂಡು ಸಿಡಿಯುತ್ತದೆ. ಈ ಮಾತನ್ನು ಹೊಸಬರಿಗೆಲ್ಲ ಅವನೇ ಬೈದು ಬೈದು ಕಲಿಸಿದ್ದ. ಆದರೆ ಕಾರ್ಖಾನೆಯ ಆಮ್ಲಜನಕದ ಮೀಟರು ನೀಲಿ ಚೀಟಿ ಕಟ್ಟಿಸಿಕೊಂಡು ಬರುತ್ತದೆ, ಚೀಟಿ ಕಂಡರೆ ಕೈ ತಾನಾಗಿ ನೀರಿನ ಯಂತ್ರಕ್ಕೆ ಹೋಗುತ್ತದೆ. ಅವನ ಜೇಬಿನಿಂದ ಬಂದ ಮೀಟರಿಗೆ ಚೀಟಿ ಎಲ್ಲಿತ್ತು?

ಬೆಳಿಗ್ಗೆ ಒಂಬತ್ತಕ್ಕೆ ನಡೆಯುವ ಸಿಲಿಂಡರಿನ ಮುಳ್ಳು ನಲವತ್ತರಲ್ಲಿತ್ತು. ಹೊರಡುವಾಗ ಅವನೇ ಲೆಕ್ಕ ಹಾಕಿ ಮಗಳಿಗೆ ಹೇಳಿದ್ದ, "ಹನ್ನೊಂದೂವರೆಗೆ ಮೂರಕ್ಕೆ ಇಳಿಯುತ್ತೆ. ಇಳಿದ ಕೂಡ್ಲೆ ಬದಲಿದು ಹಾಕು. ಒಂದು ನಿಮಿಷಾನೂ ತಡ ಮಾಡ್ಬೇಡ."

ಅವಳು ತಡ ಮಾಡುವವಳಲ್ಲ. ಅದೇ ಈಗ ಅವನ ಜೀವ ಹಿಂಡಿತು.

ಫೋನು ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಅಮ್ಮ ನಿದ್ದೆಯಿಂದ ಏಳುತ್ತಾಳೆಂದು ಮಗಳು ಫೋನಿನ ಸದ್ದು ಅಡಗಿಸಿಡುತ್ತಿದ್ದಳು. ಮತ್ತೆ ಹಚ್ಚಿದ. ಕಿವಿಗೆ ಫೋನು ಒತ್ತಿಕೊಂಡೇ ಗೇಟು ದಾಟಿ ಓಡಿದ. ಐವತ್ತೆಂಟರ ಮಂಡಿ ಅದು, ಮೂರನೇ ತಿರುವಿಗೇ ಮುಷ್ಕರ ಹೂಡಿತು. ಸೈಕಲ್ಲಿನವನೊಬ್ಬ ಬೈದ, ಕಾರಿನವನೊಬ್ಬ ಹಾರನ್ನು ಬಾರಿಸಿದ. ಮೈಯೆಲ್ಲ ಕಿವಿಯಾಗಿ ಅವನು ಮನೆಯ ದಿಕ್ಕಿನಿಂದ ಬರಬಹುದಾದ ಒಂದು ಸದ್ದಿಗೆ ಹೆದರುತ್ತಾ ಓಡಿದ. ದೇವರೇ, ಇವತ್ತೊಂದು ದಿನ ಆ ಹುಡುಗಿ ಸೋಮಾರಿಯಾಗಲಿ ಎಂದು ಬೇಡಿಕೊಂಡ.

ಬಾಗಿಲು ತಳ್ಳಿದಾಗ ಮಗಳು ಬದಲಿ ರೆಗ್ಯುಲೇಟರನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಸಿಲಿಂಡರಿನ ಬಾಯಿಗೆ ಇನ್ನೇನು ಕೂರಿಸುವುದರಲ್ಲಿದ್ದಳು.

"ಮುಟ್ಟಿಸ್ಬೇಡ!"

ಅವಳು ಬೆಚ್ಚಿ ಹಾಗೇ ನಿಂತಳು. ಮಂಚದ ಮೇಲೆ ಹೆಂಡತಿ ಕಣ್ಣು ಬಿಟ್ಟಳು.

"ಅದನ್ನ ಹೊರಗೆ ಅಂಗಳಕ್ಕೆ ಇಟ್ಟು ಬಾ. ಅದ್ರೊಳಗೆ ಎಣ್ಣೆ ಇದೆ. ಕೈ ತೊಳ್ಕೋ. ಸೋಪು ಹಾಕಿ ಎರಡು ಸಲ. ಓಡು!"

ನಡೆಯುವ ಸಿಲಿಂಡರಿನ ಮುಳ್ಳು ಎರಡಕ್ಕೆ ಇಳಿದಿತ್ತು, ಕೆಲವೇ ನಿಮಿಷದ ಉಸಿರು. ಇನ್ನು ಉಳಿದ ದಾರಿ ಒಂದೇ, ಅದರ ರೆಗ್ಯುಲೇಟರನ್ನೇ ಕಳಚಿ ತುಂಬಿದ್ದಕ್ಕೆ ಹಾಕುವುದು. ಅಷ್ಟು ಹೊತ್ತು ಹೆಂಡತಿಗೆ ಉಸಿರಿನ ಆಸರೆ ಇರುವುದಿಲ್ಲ. ಮುಳ್ಳಣ್ಣ ಕಣ್ಣು ಮುಚ್ಚಿಕೊಂಡೇ ಒಂದೂವರೆ ನಿಮಿಷದಲ್ಲಿ ಮಾಡುವ ಕೆಲಸ ಅದು. ಆದರೆ ಹೊಸ್ತಿಲು ದಾಟಲು ಎತ್ತಿದ ಕಾಲನ್ನು ಅವನು ಹಿಂದಕ್ಕೆಳೆದುಕೊಂಡ. ಅಂಗಿಯ ತೋಳು, ಬೆರಳ ಸಂದು, ಉಗುರು, ಎಲ್ಲೆಲ್ಲೂ ಬೆಳಗಿನಿಂದ ಮುಟ್ಟಿದ ಎಣ್ಣೆ, ಉಜ್ಜಿ ತೊಳೆಯಲು ಹೊತ್ತಿಲ್ಲ.

ಮಗಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. "ನೀನೇ ಹಾಕಪ್ಪ."

"ನಾನು ಹತ್ರ ಬರೋ ಹಾಗಿಲ್ಲ. ನಾನು ಹೇಳ್ತೀನಿ, ನೀನು ಮಾಡು. ಮೊದ್ಲು ಹಳೇದರ ವಾಲ್ವು ಮುಚ್ಚು. ಮುಳ್ಳು ಸೊನ್ನೆಗೆ ಬರೋವರೆಗೂ ನಟ್ಟಿಗೆ ಕೈ ಹಾಕ್ಬೇಡ."

ಮುಳ್ಳು ಸೊನ್ನೆಗೆ ಬಂತು. ಮಗಳು ಸ್ಪ್ಯಾನರು ಹಾಕಿ ಎಳೆದಳು. ನಟ್ಟು ಅಲ್ಲಾಡಲಿಲ್ಲ. ಒಂದು ಚೂರು ಅನಿಲವೂ ಸೋರಬಾರದೆಂದು ಅದನ್ನು ಅಷ್ಟು ಬಿಗಿದವನೂ ಈ ಜಾಣನೇ.

"ಆಗ್ತಿಲ್ಲಪ್ಪ! ಬಾಪ್ಪ!"

"ಮೈಭಾರ ಹಾಕು. ಎರಡೂ ಕೈ. ನಿನ್ನ ಕಡೆಗಲ್ಲ, ಗೋಡೆ ಕಡೆಗೆ!"

ಹೆಂಡತಿಯ ಎದೆ ಬುಸುಬುಸು ಏರಿಳಿಯತೊಡಗಿತು. ತುಟಿ ನೀಲಿಗೆ ತಿರುಗಿತು. ಅವಳ ಕಣ್ಣು ಮಗಳ ಮೇಲಿರಲಿಲ್ಲ, ಹೊಸ್ತಿಲ ಮೇಲಿತ್ತು. ನಾಲ್ಕು ಹೆಜ್ಜೆ ದೂರದಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಂಡ ನಿಂತಿದ್ದ. ಅವನು ಅಳುತ್ತಿದ್ದ, ಅಳುತ್ತಲೇ ಬಡಬಡನೆ ಹೇಳುತ್ತಿದ್ದ. "ಇನ್ನೊಂದ್ಸಲ ಮಗಳೇ. ಒಂದೇ ಸಲ."

ನಟ್ಟು ಕಿರ್ರೆಂದು ಸಡಿಲಿತು.

"ತುಂಬಿರೋದ್ರ ಬಾಯಿಗೆ ಕೂರ್ಸು. ಕೈಯಲ್ಲೇ ತಿರುಗ್ಸು, ಆಮೇಲೆ ಸ್ಪ್ಯಾನರು. ವಾಲ್ವು ನಿಧಾನ. ನಿಧಾನ ಅಂದ್ನಲ್ಲ!"

ಮುಳ್ಳು ಎದ್ದಿತು. ಐವತ್ತು, ತೊಂಬತ್ತು, ನೂರ ಮೂವತ್ತು. ಈ ಸಲ ಮುಳ್ಳಣ್ಣ ಅದನ್ನು ನೋಡಲಿಲ್ಲ, ಹೆಂಡತಿಯ ತುಟಿ ನೋಡುತ್ತಿದ್ದ. ಅದಕ್ಕೆ ಬಣ್ಣ ಮರಳಲು ಎಷ್ಟು ಹೊತ್ತಾಯಿತೆಂದು ಯಾವ ಮೀಟರೂ ಅವನಿಗೆ ಹೇಳಲಿಲ್ಲ. ಕೊನೆಗೆ ಅವಳು ಮೂಗಿನ ನಳಿಕೆಯನ್ನು ಸರಿಮಾಡಿಕೊಂಡು ಅವನತ್ತ ಕೈ ಚಾಚಿದಳು.

"ಅಲ್ಲೇ ಯಾಕ್ರೀ ನಿಂತಿದೀರಾ... ಬನ್ನಿ... ಹೆದರ್ಕೊಂಡ್ರಾ?"

"ಬಂದೆ, ಕೈ ತೊಳ್ಕೊಂಡು ಬಂದೆ" ಎಂದ.

ಬಚ್ಚಲಲ್ಲಿ ಅಂಗಿ ಕಿತ್ತೆಸೆದು ಸೋಪು ಹಚ್ಚಿದ. ಬ್ರಷ್ಷು ಹಾಕಿ ಉಜ್ಜಿದ. ಮೂರನೆಯ ಸಲ, ನಾಲ್ಕನೆಯ ಸಲ. ಬೆರಳ ಗೆಣ್ಣುಗಳ ಚರ್ಮ ಕಿತ್ತು ಬಂದರೂ ಉಗುರಿನ ಬುಡದ ಕಪ್ಪು ಹಾಗೇ ಇತ್ತು. ಮಗಳು ಬಾಗಿಲಲ್ಲಿ ಬಂದು ನಿಂತಳು.

"ಸಾಕಪ್ಪ. ಹೋಗಿದೆ."

"ಹೋಗಿಲ್ಲ ಕಣೆ."

"ಅಮ್ಮ ಕೈ ಚಾಚ್ಕೊಂಡೇ ಮಲಗಿದಾಳೆ."

"ಹೋಗಿಲ್ಲ ಅಂದ್ನಲ್ಲ" ಎಂದು ಮುಳ್ಳಣ್ಣ ಮತ್ತೆ ಸೋಪಿಗೆ ಕೈ ಹಾಕಿದ.