ಹುಳು ಮನೆಯಲ್ಲಿ ಚಾರ್ಜಿಗಿಟ್ಟ ಬ್ಯಾಟರಿ

ದೇವರಾಯಸಮುದ್ರದಲ್ಲಿ ರೇಷ್ಮೆ ಸಾಕುವವರ ಮನೆಗೆ ಹೋಗಿ, ಏನಮ್ಮ ನಿಮ್ಮ ಕಷ್ಟ ಅಂತ ಕೇಳಿ ನೋಡಿ. ಹುಳು ಸಾಕುವುದು ಕಷ್ಟ ಅಂತ ಅವರು ಹೇಳುವುದಿಲ್ಲ, ಸೊಪ್ಪು ಹೊರುವುದು ಅನ್ನುತ್ತಾರೆ. ಹಿಪ್ಪುನೇರಳೆ ತೋಟ ಕೆರೆಯ ಆ ಕಡೆ, ಹುಳು ಮನೆ ಈ ಕಡೆ. ಹುಳು ಗೂಡು ಕಟ್ಟುವ ಮುಂಚಿನ ಏಳೆಂಟು ದಿನ ಅದರ ಹಸಿವು ಎಂಥದ್ದು ಅಂತೀರಿ! ಬೆಳಿಗ್ಗೆ ಹಾಕಿದ ಸೊಪ್ಪು ಮಧ್ಯಾಹ್ನಕ್ಕೆ ಬರೀ ಕಡ್ಡಿ. ನಮ್ಮ ಶಾಮಲಮ್ಮನವರು ಮೂವತ್ತು ವರ್ಷ ಆ ಹೊರೆ ಹೊತ್ತವರು. ಈಗ ಅವರು ಪಕ್ಕಕ್ಕೆ ನೋಡಬೇಕಾದರೆ ಕತ್ತಿನ ಜೊತೆ ಮೈಯೂ ತಿರುಗಬೇಕು.

ಸೊಸೆ ಸುನಂದ ಹೋದ ದಸರಾದಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ತಂದಳು. ಶಾಮಲಮ್ಮ ಮೂರು ದಿನ ಆ ಗಾಡಿಯ ಕಡೆ ಮುಖ ಕೊಟ್ಟು ನೋಡಲಿಲ್ಲ. ನಾಲ್ಕನೇ ದಿನ ಸಂಜೆ, ಕತ್ತುನೋವು ತಡೆಯಲಾರದೆ, ಸೊಸೆಯ ಹಿಂದೆ ಕೂತರು. ಗಾಡಿ ಕೆರೆ ಏರಿ ಹತ್ತಿತು. ಸದ್ದಿಲ್ಲ, ಹೊಗೆಯಿಲ್ಲ. ಗಾಡಿ ಮುಂದೆ ಹೋಗುತ್ತಿದೆಯೋ ಏರಿಯೇ ಹಿಂದಕ್ಕೆ ಹರಿಯುತ್ತಿದೆಯೋ ತಿಳಿಯಲಿಲ್ಲ. ಕಲ್ಲಿಗೆ ನೀರು ತಾಗುವ ಸಣ್ಣ ಸದ್ದು ಕೇಳಿಸಿತು. ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದರೂ ಹೊರೆಯ ಕೆಳಗೆ ಅವರಿಗೆ ತಮ್ಮ ಏದುಸಿರು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ಕಣ್ಣು ತಾನೇ ಮುಚ್ಚಿಕೊಂಡಿತು. ಮನೆಗೆ ಬಂದ ಮೇಲೆ ಬಾಯಿ ಬಿಟ್ಟು ಹೊಗಳಲಿಲ್ಲ ನೋಡಿ, ಜಂಬ! ಆದರೆ ಮಾರನೇ ದಿನ ಸುನಂದ ಬೀಗದ ಕೈ ತರುವ ಮೊದಲೇ ಗಾಡಿಯ ಪಕ್ಕ ಹೋಗಿ ನಿಂತಿದ್ದರು.

ಹೀಗೆ ಸುಖವಾಗಿರುವಾಗ ಮಹಿಳಾ ಸಂಘದ ಸಭೆಗೆ ರಂಜಿತ ಬಂದಳು. ಪಕ್ಕದ ಮನೆಯ ಮುನಿಶಾಮಿಯ ಮಗಳು, ಮುಳಬಾಗಿಲಿನಲ್ಲಿ ಎಲೆಕ್ಟ್ರಿಕ್ ಗಾಡಿ ರಿಪೇರಿ ಮಾಡುವವಳು. ಊರಲ್ಲಿ ಬ್ಯಾಟರಿ ಗಾಡಿಗಳು ಹೆಚ್ಚಾಗಿವೆ, ಎರಡು ಮಾತು ಹೇಳಮ್ಮ ಅಂತ ಸಂಘದವರೇ ಕರೆಸಿದ್ದರು. ಅವಳು ಫೋನಿನಲ್ಲಿ ಒಂದು ಹಡಗು ತೋರಿಸಿದಳು. ಅದರ ಹೊಟ್ಟೆಯೊಳಗೆ ಸಾವಿರಾರು ಕಾರುಗಳು ಸಾಲಾಗಿ ನಿಂತಿದ್ದವು. ಚೀನಾದಲ್ಲಿ ತಯಾರಾದ ಎಲೆಕ್ಟ್ರಿಕ್ ಕಾರುಗಳು ಈಗ ಹೀಗೆ ಸಮುದ್ರ ದಾಟಿ ದೇಶ ದೇಶಕ್ಕೆ ಹೋಗುತ್ತಿವೆಯಂತೆ. ನಮ್ಮಲ್ಲಿ ಜೋಡಿಸಿದ ಎಷ್ಟೋ ಸ್ಕೂಟರುಗಳ ಬ್ಯಾಟರಿಯ ಒಳಗಿನ ಸೆಲ್ಲುಗಳೂ ಅಲ್ಲಿಯವೇ ಅಂತೆ. ಸುನಂದಳ ಗಾಡಿಯದೂ ಅಲ್ಲಿಯದೇ ಅಂದಳು.

ಚೀನಾ ಅಂದದ್ದೇ ತಡ, ಶಾಮಲಮ್ಮನವರ ಮುಖ ಕೆಂಪಾಯಿತು. ಅದಕ್ಕೆ ಕಾರಣ ಇತ್ತು. ಆ ದೇಶದ ರೇಷ್ಮೆ ನೂಲು ರಾಶಿ ರಾಶಿಯಾಗಿ ಬಂದ ವರ್ಷ ಇಲ್ಲಿ ಗೂಡಿನ ರೇಟು ನೆಲ ಕಚ್ಚಿತ್ತು. ಕೋಲಾರದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಸ್ಸಿನಲ್ಲಿ ವಾಪಸ್ಸು ಬರುವಾಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದರು. ಕೋಪ ಬಂದರೆ ಅವರ ಮಾತು ತೆಲುಗಿಗೆ ತಿರುಗುತ್ತದೆ. "ನೀಕೇಂ ತೆಲುಸಮ್ಮಾ?" ಅಂದರು. "ನಿಂಗೇನು ಗೊತ್ತು? ನಮ್ಮ ತಟ್ಟೆಗೆ ಕೈ ಹಾಕ್ದೋರ ಸಾಮಾನು ನಮ್ಮನೇಲೇ ಇಟ್ಕೊಂಡಿದೀವಾ?"

ರಂಜಿತ ಎದುರು ಮಾತಾಡುವ ಹುಡುಗಿಯಲ್ಲ. ಹತ್ತಿರ ಬಂದು ಕೂತಳು.

"ದೊಡ್ಡಮ್ಮ, ನಿಮ್ಮ ಕೋಪ ಸುಳ್ಳಲ್ಲ. ಆದ್ರೆ ನೀವು ಸಾಕ್ತಿರೋ ಈ ಹುಳಾನೂ ಮೊದಲು ಸಾಕಿದ್ದು ಅಲ್ಲೇ. ಸಾವಿರಾರು ವರ್ಷದ ಹಿಂದೆ. ಎಲ್ಲೆಲ್ಲೋ ಸುತ್ತಿ ಬಂದು, ನಮ್ಮೂರ ಸೊಪ್ಪು ತಿಂದು, ನಮ್ಮದಾಯ್ತು. ಹುಳಕ್ಕೆ ಒಂದು ನೇಮ ಇದೆಯಲ್ಲ, ಬ್ಯಾಟರಿಗೂ ಇದೆ. ಅದರ ಚಾರ್ಜರ್ ಬಿಟ್ಟು ಬೇರೆ ಹಾಕ್ಬೇಡಿ. ಮುಚ್ಚಿಡ್ಬೇಡಿ. ಜನ ಮಲಗೋ ಕಡೆ, ಹತ್ತಿಕೊಳ್ಳೋ ಸಾಮಾನು ಇರೋ ಕಡೆ ಚಾರ್ಜಿಗೆ ಇಡ್ಬೇಡಿ. ಏನಾದ್ರೂ ವಾಸನೆ ಬಂತು ಅಂದ್ರೆ ಮುಟ್ಟೋಕೆ ಹೋಗ್ದೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ."

ಶಾಮಲಮ್ಮನವರಿಗೆ ಹುಳುವಿನ ಮಾತು ಎದೆಗೆ ತಾಗಿತು. ನಮ್ಮ ಹುಳ ಅಲ್ಲಿಂದ ಬಂತಾ? ಯಾರು ತಂದರು? ದಾರಿಯಲ್ಲಿ ಸೊಪ್ಪು ಎಲ್ಲಿ ಸಿಕ್ಕಿತು? ಮನಸ್ಸು ಆ ಹಡಗು ಹತ್ತಿ ಎತ್ತಲೋ ಹೊರಟುಹೋಯಿತು. ರಂಜಿತ ಆಮೇಲೆ ಹೇಳಿದ ನೇಮವೆಲ್ಲ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಧನುರ್ಮಾಸ ಬಂತು, ಮೈ ಕೊರೆಯುವ ಚಳಿ. ಹುಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಹುಳು ತಿನ್ನುವುದು ಬಿಟ್ಟು, ಅಲುಗಾಡದೆ ಕೂತು, ಹಳೇ ಚರ್ಮ ಕಳಚುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಅದನ್ನು ಮುಟ್ಟಬಾರದು, ಬೆಚ್ಚಗೆ ಇಡಬೇಕು. ಈಗ ಎದ್ದ ಮೇಲೆ ತಿನ್ನುವುದೇ ಕೆಲಸ. ಇನ್ನು ಏಳೆಂಟು ದಿನ ಹೊಟ್ಟೆ ತುಂಬಾ ಸೊಪ್ಪು ಸಿಕ್ಕರೆ ಬೆಳೆ ಕೈಗೆ ಬಂದಂತೆ.

ಅಂಥ ದಿನವೇ ಒಂದು ಎಡವಟ್ಟಾಯಿತು. ತವರಿಗೆ ಹೋಗಿದ್ದ ಸುನಂದ ಸ್ಕೂಟರಿನ ಚಾರ್ಜರನ್ನು ತಾಯಲೂರಿನಲ್ಲೇ ಮರೆತು ಬಂದಿದ್ದಳು. ಬೆಳಿಗ್ಗೆ ನೋಡಿದರೆ ಬ್ಯಾಟರಿ ಖಾಲಿ. ಬಸ್ಸಿಗೆ ಹೋಗಿ ಚಾರ್ಜರ್ ತರ್ತೀನಿ, ಅಲ್ಲೀವರೆಗೆ ಏನೂ ಮಾಡ್ಬೇಡಿ ಅತ್ತೆ, ಸಂಜೆ ಸೊಪ್ಪು ತಲೆ ಮೇಲೇ ತಂದರಾಯಿತು ಅಂತ ಹೇಳಿ ಹೊರಟಳು.

ತಲೆ ಮೇಲೆ ಅನ್ನುವ ಮಾತು ಶಾಮಲಮ್ಮನವರಿಗೆ ಸಹಿಸಲಾಗಲಿಲ್ಲ. ತಮ್ಮ ಕತ್ತು ಹೋದಂತೆ ಆ ಹುಡುಗಿಯ ಕತ್ತೂ ಹೋಗಬೇಕೇ? ನೇರ ಮುನಿಶಾಮಿಯ ಮನೆಗೆ ಹೋದರು. ಅವನ ಹಳೇ ಸ್ಕೂಟರಿನ ಚಾರ್ಜರ್ ಅಟ್ಟದ ಮೇಲಿತ್ತು. ಎಲ್ಲಾ ಕರೆಂಟೂ ಒಂದೇ ತಗೋ ಅಕ್ಕ ಅಂತ ಧಾರಾಳವಾಗಿ ಕೊಟ್ಟ. ವಾರದ ರಜೆಗೆ ಮನೆಯಲ್ಲಿದ್ದ ಮಗಳನ್ನು ಒಂದು ಮಾತು ಕೇಳಬಾರದಿತ್ತೇ ಪುಣ್ಯಾತ್ಮ! ಗಾಡಿಯಿಂದ ಬ್ಯಾಟರಿ ತೆಗೆದು ಸಿಕ್ಕಿಸಿದರೆ ಪಿನ್ನು ಸಡಿಲವಾಗಿತ್ತು. ಶಾಮಲಮ್ಮ ಕಾಗದ ಮಡಿಸಿ ತುರುಕಿದರು. ಬ್ಯಾಟರಿಯನ್ನು ಹುಳು ಮನೆಯೊಳಗೇ ಇಟ್ಟರು. ಬೆಚ್ಚಗಿನ ಜಾಗ ಊರಲ್ಲಿ ಬೇರೆ ಎಲ್ಲಿದೆ? ಸ್ವಲ್ಪ ಹೊತ್ತಿಗೆ ಕೈಯಿಟ್ಟು ನೋಡಿದರು. ಬಿಸಿಯಾಗಿತ್ತು. ಇದೂ ಜ್ವರಕ್ಕೆ ಕೂತಿದೆ ಅಂದುಕೊಂಡರು. ಪಾಪ, ಮಲಗಲಿ, ಎದ್ದ ಮೇಲೆ ಓಡುತ್ತದೆ ಅಂತ ಕಂಬಳಿ ಹೊದಿಸಿ, ತಾವೂ ಪಕ್ಕದಲ್ಲೇ ಚಾಪೆ ಹಾಸಿ ಅಡ್ಡಾದರು.

ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯಂತೆ ಕೇಳುತ್ತಿತ್ತು. ಆ ಮಳೆಯೊಳಗೆ ನಿದ್ದೆ ಹತ್ತಿತು. ಕನಸಿನಲ್ಲಿ ಕೆರೆ ತುಂಬಾ ಹಡಗು. ಹಡಗಿನಿಂದ ಕಾರುಗಳು ಇಳಿಯುತ್ತಿವೆ, ಸದ್ದಿಲ್ಲದೆ, ಒಂದರ ಹಿಂದೆ ಒಂದು. ಪ್ರತಿ ಕಾರಿನ ಹಿಂದೆಯೂ ಬಿಳೀ ನೂಲು. ನೂಲು ಏರಿ ದಾಟಿ, ಹಿಪ್ಪುನೇರಳೆ ತೋಟ ದಾಟಿ, ಹುಳು ಮನೆಯ ಬಾಗಿಲಿಗೆ ಬಂದು, ಶಾಮಲಮ್ಮನವರ ಮೈಗೆ ಮೆತ್ತಗೆ ಸುತ್ತಿಕೊಳ್ಳತೊಡಗಿತು. ಬೆಚ್ಚಗಿತ್ತು, ಹಾಯಾಗಿತ್ತು. ಕಾಲು ಮುಚ್ಚಿತು, ಎದೆ ಮುಚ್ಚಿತು, ಮೂಗಿನ ತನಕ ಬಂತು.

ಆಗ ಮಳೆ ನಿಂತುಹೋಯಿತು. ಹಾಗೆ ಥಟ್ಟನೆ ನಿಂತದ್ದಕ್ಕೇ ಅವರಿಗೆ ಎಚ್ಚರವಾಯಿತು.

ಹುಳು ಮೇಯುವುದು ಬಿಟ್ಟು ತಲೆ ಎತ್ತಿ ಕೂತಿದ್ದವು. ಕೆಟ್ಟ ವಾಸನೆ ಹುಳುವಿಗೆ ಆಗುವುದಿಲ್ಲ, ಮನುಷ್ಯರಿಗಿಂತ ಮೊದಲೇ ಅದಕ್ಕೆ ತಿಳಿಯುತ್ತದೆ. ಶಾಮಲಮ್ಮನವರ ಗಂಟಲು ಉರಿಯಿತು. ಕಂಬಳಿಯ ಅಂಚಿನಿಂದ ಎಳೆ ಎಳೆಯಾಗಿ ಹೊಗೆ ಬರುತ್ತಿತ್ತು. ಕೈ ತಾನೇ ಕಂಬಳಿಯ ಕಡೆ ಹೋಯಿತು. ಆಗ ರಂಜಿತಳ ಮಾತು, ತಲೆಗೆ ಹೋಗಲೇ ಇಲ್ಲ ಅಂದುಕೊಂಡಿದ್ದ ಮಾತು, ಎಲ್ಲಿತ್ತೋ ಏನೋ, ಎದ್ದು ಬಂತು. ಕೈ ಹಿಂದೆಳೆದುಕೊಂಡು ಹೊರಗೆ ಓಡಿದರು. ಗೋಡೆಯ ಮೇಲಿನ ಮೇನ್ ಸ್ವಿಚ್ ಕೆಳಗೆ ಎಳೆದರು. ಆಮೇಲೆ ಕೂಗಿದರು.

ರಂಜಿತ ಒದ್ದೆ ಕೂದಲಲ್ಲೇ ಓಡಿ ಬಂದಳು. ಯಾರನ್ನೂ ಒಳಗೆ ಬಿಡಲಿಲ್ಲ. ಅಗ್ನಿಶಾಮಕದವರಿಗೆ ಫೋನ್ ಮಾಡಿದಳು, ಹೊರಗಿನಿಂದಲೇ ಕಿಟಕಿಗಳನ್ನು ತೆಗೆಸಿದಳು. ಬ್ಯಾಟರಿ ಉಬ್ಬಿತ್ತು. ಇನ್ನೊಂದು ಸ್ವಲ್ಪ ಹೊತ್ತು ಕರೆಂಟು ಹರಿದಿದ್ದರೆ ಹೊತ್ತಿಕೊಳ್ಳುತ್ತಿತ್ತು ಅಂತ ಬಂದವರು ಹೇಳಿ, ಅದನ್ನು ದೂರ ಬಯಲಿಗೆ ಸಾಗಿಸಿದರು. ಬ್ಯಾಟರಿಯ ಹತ್ತಿರದ ಸ್ಟ್ಯಾಂಡಿನ ಹುಳುಗಳು ಸಂಜೆಯೊಳಗೆ ಸೋತು ಬಿದ್ದವು. ಮಿಕ್ಕವು ಬದುಕಿದವು.

ಮುನಿಶಾಮಿ ತಲೆ ಕೆರೆದುಕೊಂಡ. ಚೀನಾ ಮಾಲು ಅಂದ್ರೆ ಇಷ್ಟೇ ಬಿಡಿ ಅಂದ. ಇಡೀ ಗುಂಪು ಹೌದು ಹೌದು ಅಂದಿತು. ಆದರೆ ಆ ಮಾತು ಯಾರ ಬಾಯಲ್ಲಿ ಬರಬೇಕಿತ್ತೋ ಅವರೇ ತಿರುಗಿ ಬಿದ್ದರು.

"ಲೇ ಮುನಿಶಾಮಿ, ಆ ದೇಶದ ಮೇಲೆ ನಂಗಿರೋ ಕೋಪ ನಂಗಿದೆ, ಅದು ಬೇರೆ. ಇದರಲ್ಲಿ ಅವರ ತಪ್ಪೇನಿದೆ? ಬೇರೆ ಗಾಡಿ ಚಾರ್ಜರ್ ಕೊಟ್ಟೋನು ನೀನು. ಕಾಗದ ಇಟ್ಟು ತುರುಕಿದೋಳು ನಾನು. ಕಂಬಳಿ ಹೊದಿಸಿದೋಳೂ ನಾನೇ."

ಅಷ್ಟರಲ್ಲಿ ಸುನಂದ ಚಾರ್ಜರ್ ಹಿಡಿದು ಬಸ್ಸಿಳಿದು ಬಂದಳು. ಎಲ್ಲ ಕೇಳಿದಳು. ಬೈಯುತ್ತಾಳೆ ಅಂತ ಶಾಮಲಮ್ಮ ತಲೆ ತಗ್ಗಿಸಿ ಕಾದರು. ಅವಳು ಸತ್ತ ಹುಳುಗಳ ಕಡೆ ನೋಡಲಿಲ್ಲ, ಗಾಡಿಯ ಕಡೆಯೂ ನೋಡಲಿಲ್ಲ. ಒಳಗೆ ಬ್ಯಾಟರಿ ಇದ್ದ ಜಾಗದಿಂದ ಒಂದು ಮೊಳ ದೂರದಲ್ಲಿದ್ದ ಚಾಪೆಯನ್ನೇ ನೋಡುತ್ತ ನಿಂತಳು.

"ಅತ್ತೆ, ಹುಳ ಹೋದ್ರೆ ಇನ್ನೊಂದು ಬೆಳೆ ಇಡೋಣ. ನಿಮಗೆ ಎಚ್ಚರ ಆಗ್ದೆ ಇದ್ದಿದ್ರೆ ನಾನು ಯಾರನ್ನ ಅತ್ತೆ ಅಂತ ಕರೀಲಿ?"

ಶಾಮಲಮ್ಮನವರಿಗೆ ದುಃಖ ಒತ್ತರಿಸಿ ಬಂತು. ಎಲ್ಲರ ಮುಂದೆಯೇ ಅತ್ತರು. ಆ ಸಂಜೆ ಅತ್ತೆ, ಸೊಸೆ, ರಂಜಿತ, ಮುನಿಶಾಮಿ ನಾಲ್ವರೂ ಸೇರಿ ಸೊಪ್ಪು ಹೊತ್ತು ತಂದರು.

ಈಗ ಅವರ ಮನೆಯಲ್ಲಿ ಹೊಸ ಬ್ಯಾಟರಿ ಇದೆ. ಅದಕ್ಕೆ ಅಂಗಳದಲ್ಲಿ, ನೆರಳಿನಲ್ಲಿ, ಸೊಪ್ಪು ಸೌದೆಗಳಿಂದ ದೂರ, ಗಾಳಿಯಾಡುವ ಕಡೆ ಒಂದು ಕಲ್ಲಿನ ಕಟ್ಟೆ ಕಟ್ಟಿಸಿದ್ದಾರೆ. ಸುನಂದ ಊರಿಗೆ ಹೊರಟರೆ ಶಾಮಲಮ್ಮ ಮೊದಲು ಕೇಳುವುದು ಚಾರ್ಜರ್ ಎಲ್ಲಿದೆ ಅಂತ. ಸಂಘದ ಸಭೆಗಳಲ್ಲಿ ಈ ಕಥೆಯನ್ನು ಅವರೇ ಎದ್ದು ನಿಂತು, ತಮ್ಮ ತಪ್ಪು ಒಂದೂ ಬಿಡದೆ ಹೇಳುತ್ತಾರೆ.

ಅಕ್ಕ, ತಂಗಿ, ಅಣ್ಣ, ನಿಮ್ಮ ಮನೆಗೂ ಇಂಥ ಗಾಡಿ ಬಂದಿರಬಹುದು, ನಾಳೆ ಬರಬಹುದು. ಬರಲಿ, ಹೆದರಬೇಡಿ. ಬಿಲ್ಲು, ವಾರಂಟಿ ಇರುವ ಗಾಡಿಯನ್ನೇ ಕೊಳ್ಳಿ. ಅದರ ಜೊತೆ ಕೊಟ್ಟ ಚಾರ್ಜರನ್ನೇ ಹಾಕಿ. ಬಾಗಿಲಿಗೆ ಅಡ್ಡವಾಗಿ, ಅಡುಗೆ ಮನೆಯಲ್ಲಿ, ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇಡಬೇಡಿ. ಬ್ಯಾಟರಿ ಕೈ ಸುಡುವಷ್ಟು ಬಿಸಿಯಾದರೆ, ಉಬ್ಬಿದರೆ, ವಾಸನೆ ಬಂದರೆ ಮೇನ್ ಸ್ವಿಚ್ ಆಫ್ ಮಾಡಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ, 112ಕ್ಕೆ ಫೋನ್ ಮಾಡಿ. ಸಾಮಾನು ಉಳಿಸಲು ಒಳಗೆ ಹೋಗಬೇಡಿ.

ಶಾಮಲಮ್ಮನವರನ್ನು ಎಬ್ಬಿಸಲು ಹುಳುಗಳಿದ್ದವು. ನಿಮ್ಮ ಮನೆಯಲ್ಲಿ ಇಲ್ಲ. ಈಗಲೇ ಎದ್ದು ಹೋಗಿ, ನಿಮ್ಮ ಬ್ಯಾಟರಿ ಎಲ್ಲಿ ಚಾರ್ಜ್ ಆಗುತ್ತಿದೆ, ಅದರ ಪಕ್ಕ ಯಾರು ಮಲಗಿದ್ದಾರೆ ನೋಡಿ ಬನ್ನಿ.