ಹತ್ತದವರ ಕಟ್ಟೆ

ತಿರುಗುವ ತೊಟ್ಟಿಲ ನೆರಳು ಗೋಡೆಯ ಮೇಲೆ ಬಂತು, ಹೋಯಿತು, ಇನ್ನೊಂದು ಬಂತು, ಅದೂ ಹೋಯಿತು — ಶಿವರಾತ್ರಿ ಕಳೆದ ಮೇಲಿನ ಬಿಸಿಲು, ಮೂರು ಗಂಟೆ, ಮಿರ್ಚಿ ಅಂಗಡಿಯಿಂದ ಎಣ್ಣೆಯ ವಾಸನೆ, ಹೋದ ಬೇಸಿಗೆಯಲ್ಲಿ ಇದೇ ಹೊತ್ತಿಗೆ ಮುದುಕಿಯರು ಆ ದೊಡ್ಡ ಚಕ್ರದ ನೆರಳು ಸರಿದಂತೆಲ್ಲ ತಾವೂ ಕುಂತಲ್ಲೇ ಸರಿಯುತ್ತಿದ್ದರು, ಮಡಿಲಲ್ಲಿ ಮನೆಮಂದಿಯ ಚೀಲ, ಬಗಲಲ್ಲಿ ಯಾರದೋ ಕೂಸು, ಮಾಳಿಂಗಪ್ಪ ದೂರದಿಂದ ನೋಡುತ್ತಿದ್ದ, ನೋಡಿದ್ದಷ್ಟೇ, ಅಯ್ಯೋ ಅನ್ನಿಸಿರಲಿಲ್ಲ, ಗಿಡಕ್ಕೆ ನೀರು ಹಾಕುವವನಿಗೆ ಮಂದಿಯ ಉಸಾಬರಿ ಯಾಕೆ. ಅನ್ನಿಸಿದ್ದು ವೀರ್ರಾಜುಗೆ. ಭತ್ತದ ಮಿಲ್ಲಿನಲ್ಲಿ ದುಡಿದ ದುಡ್ಡನ್ನು ಸಿಂಧನೂರಿನ ಹೊರಗೆ, ಗಂಗಾವತಿ ರಸ್ತೆಯ ಈ ಎರಡು ಎಕರೆಯಲ್ಲಿ ತೊಟ್ಟಿಲು, ಕುದುರೆ, ಪುಟಾಣಿ ರೈಲು ಮಾಡಿ ನಿಲ್ಲಿಸಿದವನು ಅವನು, ಸಣ್ಣವನಿದ್ದಾಗ ಆಂಧ್ರದಿಂದ ಬಂದು ವಲಸೆಗಾರರ ಕ್ಯಾಂಪಿನಲ್ಲಿ ಬೆಳೆದವನು. ಏಮಯ್ಯಾ ಮಾಳಿಂಗಪ್ಪ, ಮುದುಕರು ಬಿಸಿಲಿಗೆ ಬ್ಯಾಸತ್ತು ಒಂದ ಸುತ್ತಿಗೇ ಹುಡುಗರನ್ನ ಎಳಕೊಂಡು ಹೊಂಟುಬಿಡ್ತಾರ, ಹತ್ತೋರನ್ನ ನಾ ನೋಡ್ಕೊಂತೀನಿ, ಹತ್ತದೋರನ್ನ ನೀ ನೋಡು, ಅಂದಿದ್ದ. ಹತ್ತದವರನ್ನು ನೋಡುವುದೆಂದರೆ ಏನು, ಅವರಿಗೆ ಏನು ಬೇಕು, ಅದನ್ನು ಅವನಿಗೆ ಯಾರು ಹೇಳಬೇಕು, ದಢೇಸುಗೂರಿನ ಕಾಲುವೆಯ ಮಗ್ಗುಲಲ್ಲಿ ಇಪ್ಪತ್ತು ವರ್ಷ ಸಸಿ ಮಡಿ ಮಾಡಿದ ಕೈ, ಸಸಿಗೆ ಏನು ಬೇಕೆಂಬುದು ಆ ಕೈಗೆ ಗೊತ್ತು, ಮನುಷ್ಯರದು ಗೊತ್ತಿಲ್ಲ.

ಆದರೂ ಮಾಡಿದ. ಕಿವಿಗೆ ಬಡಿಯುವ ಸ್ಪೀಕರನ್ನು ತಿರುಗಿಸಿ ಮಗ್ಗುಲ ಮಿಲ್ಲಿನ ಕಡೆ ಮುಖ ಮಾಡಿಸಿದ, ತಡಿಕೆಯ ಚಪ್ಪರ ಹಾಕಿಸಿದ, ಹೊಂಗೆ ನೆಟ್ಟ — ಅದು ನೆರಳು ಕೊಡಲು ಇನ್ನೂ ಐದು ವರ್ಷ ಬೇಕು — ಮಣ್ಣಿನ ಗಡಿಗೆ ಹೂಳಿಸಿ ನೀರಿಟ್ಟ, ಚೀಲ ತೂಗುಹಾಕಲು ಮೊಳೆ ಹೊಡೆಸಿದ, ಮತ್ತೆ ಗೋಡೆಗೆ ಹೊಂದಿಸಿ ಕಟ್ಟೆ. ಕಟ್ಟೆ ಕಟ್ಟಿದವನು ಮಸ್ಕಿಯ ಗೌಂಡಿ ಜಂಗ್ಲಿಸಾಬ್. ಎಷ್ಟೆತ್ತರ ಬೇಕು ಹೇಳಪಾ ಎಂದು ಅವನು ಕೇಳಿದಾಗ ಮಾಳಿಂಗಪ್ಪ ಬಗ್ಗಿ ಕೈಯಿಂದ ತೋರಿಸಿದ್ದ, ಜಂಗ್ಲಿಸಾಬ್ ದಾರ ಹಿಡಿದು ಅಳೆದು, ಇಷ್ಟು ಗಿಡ್ಡ ಯಾರಿಗೋ, ಕೂಸುಗಳಿಗೇನು, ಎಂದು ಕೇಳಿದ್ದ, ಮಾಳಿಂಗಪ್ಪ ಅಷ್ಟ ಇರಲಿ ಅಂದುಬಿಟ್ಟಿದ್ದ. ವೀರ್ರಾಜು ಕೂಡ ಕುಂತು ನೋಡಿ ಮೊಣಕಾಲು ಗದ್ದಕ್ಕೆ ಬರುತ್ತಾವಲ್ಲ ಎಂದು ಗೊಣಗಿದ. ಆದರೆ ಮುದುಕಿಯರು ಗೊಣಗಲಿಲ್ಲ, ಬೆನ್ನಿಗೆ ಆಸರೆ ಸಿಕ್ಕಿತು, ಎಲೆಅಡಿಕೆ ಬಿಚ್ಚಿದರು, ಸೊಸೆಯಂದಿರ ಸುದ್ದಿ ಬಿಚ್ಚಿದರು, ಹುಡುಗರು ಎರಡು ಸುತ್ತು ಮೂರು ಸುತ್ತು ತಿರುಗತೊಡಗಿದರು, ವೀರ್ರಾಜು ಬೆನ್ನು ತಟ್ಟಿದ, ತಟ್ಟಿದ್ದು ಹಿತವಾಯಿತೋ ಇಲ್ಲವೋ ನೆನಪಿಲ್ಲ. ನೆನಪಿರುವುದು ಬೇರೆ. ಮಸ್ಕಿಯ ಬಸ್‌ಸ್ಟ್ಯಾಂಡು, ಹನ್ನೊಂದು ವರ್ಷದ ಹಿಂದೆ, ಕಲ್ಲಿನ ಮೆಟ್ಟಿಲು, ಹೆಂಡತಿ ಯಮನೂರಮ್ಮ, ಕಾಲ ಬಳಿ ಗಂಟು, ಇಲ್ಲೇ ಕುಂದ್ರು ಈಗ ಬಂದೆ ಎಂದು ಹೇಳಿ ಹೋದವನು ಅವನು. ಗೆಳೆಯ ಆದೆಪ್ಪ ಸಿಕ್ಕಿದ, ಲಿಂಗಸುಗೂರಿಗೆ ಸರ್ಕಸ್ಸಿನವರು ಬಂದಾರ, ಆಕಾಶಕ್ಕ ಮುಟ್ಟೋ ತೊಟ್ಟಿಲು ತಂದಾರ ಬಾ ಅಂದ, ಲಾರಿ ನಿಂತಿತ್ತು, ಹತ್ತಿದ. ತಿರುಗಿ ಬಂದಾಗ ದೀಪ ಹಚ್ಚುವ ಹೊತ್ತು, ಅವಳು ಅದೇ ಮೆಟ್ಟಿಲ ಮೇಲೆ, ಹೋಟೆಲಿನ ಚಾಂದ್‌ಬೀ ಎಂಬುವಳು ಎರಡು ಸಲ ನೀರು ಕೊಟ್ಟಳಂತೆ, ಬಿಸಿಲು ಬಂದಾಗಲೂ ಜಾಗ ಬಿಟ್ಟಿರಲಿಲ್ಲವಂತೆ, ಬಿಟ್ಟರೆ ಅವ ಬಂದು ಹುಡುಕತಾನ ಅಂದಳಂತೆ. ಮರತೇಬಿಟ್ಟಿದ್ದೆ ಅಂದ. ಅವಳು ಬೈಯಲಿಲ್ಲ. ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ರೊಟ್ಟಿ ಬಡಿದಿಟ್ಟು ಅಣ್ಣನ ಊರು ಮುಕ್ಕುಂದಕ್ಕೆ ಹೊರಟಳು. ಹಿರಿಯರು ಕೇಳಿದರು, ಬಡದಾನೇನು, ಇಲ್ಲ, ಕುಡಿತಾನೇನು, ಇಲ್ಲ, ಮತ್ತ ಯಾಕವ್ವಾ.

ಕುಂತು ಕುಂತು ಸಾಕಾಗೇತ್ರಿ.

ಎಂದಳಂತೆ, ಅಷ್ಟೇ. ಎರಡು ಸಲ ಮುಕ್ಕುಂದಕ್ಕೆ ಹೋಗಿದ್ದ, ಅಣ್ಣ ದ್ಯಾವಪ್ಪ ಕಾಲಿಗೆ ನೀರು ಕೊಟ್ಟ, ಅವಳು ಅನ್ನ ಬಡಿಸಿದಳು, ಸಾರು ಬಡಿಸಿದಳು, ಮಾತು ಬಡಿಸಲಿಲ್ಲ, ಮೂರನೆಯ ಸಲ ಹೋಗಲಿಲ್ಲ — ಈಗ ಗೇಟಿನ ಹೊರಗೆ ಟ್ರಾಕ್ಟರು ನಿಂತ ಸದ್ದು, ಟ್ರೇಲರಿನಿಂದ ಹುಡುಗರು ಧುಮುಕುತ್ತಾರೆ, ಒಂದು, ಎರಡು, ನಾಲ್ಕು, ಹಿಂದೆ ದ್ಯಾವಪ್ಪ, ಅವನ ತಲೆ ಪೂರ್ತಿ ಬೆಳ್ಳಗಾಗಿದೆ, ಅವನ ಹಿಂದೆ ಗಿಡ್ಡನೆಯ ಹೆಂಗಸು ಇಳಿಯಲು ಕಾಲು ಚಾಚುತ್ತಿದ್ದಾಳೆ, ನೆಲ ಎಟುಕುತ್ತಿಲ್ಲ, ಕೊನೆಗೆ ಎಟುಕಿತು, ಯಮನೂರಮ್ಮ. ಮಾಳಿಂಗಪ್ಪ ಹೊಂಗೆಯ ಪಾತಿ ಕೆದಕುತ್ತ ಅಲ್ಲೇ ಉಳಿದ. ಎದೆ ಹೊಡೆದುಕೊಳ್ಳಬೇಕಿತ್ತು, ಇಲ್ಲ, ಯಾರದೋ ಮನೆಗೆ ಯಾರೋ ಬಂದರೆನ್ನುವಂತೆ ನೋಡಿದ. ದ್ಯಾವಪ್ಪ ಮೊಮ್ಮಕ್ಕಳನ್ನು ತೊಟ್ಟಿಲಿಗೆ ಹತ್ತಿಸಿದ, ತಾನೂ ಹತ್ತಿದ, ಬಾ ಅಂತ ಕೈ ಬೀಸಿದ, ಅವಳು ಒಲ್ಲೆನೆಂದು ತಲೆ ಅಲ್ಲಾಡಿಸಿ ಚಪ್ಪರದ ಕಡೆ ನಡೆದಳು, ಸೆರಗಿನಿಂದ ಕಟ್ಟೆಯ ತುದಿಯಲ್ಲೊಂದಿಷ್ಟು ಜಾಗ ಒರೆಸಿದಳು, ಕುಂತಳು, ಬೆನ್ನು ಆನಿಸಿದಳು. ಎರಡೂ ಪಾದ ಪೂರ್ತಿ ನೆಲಕ್ಕೆ ತಾಕಿದವು. ಜಂಗ್ಲಿಸಾಬ್, ಇಷ್ಟು ಗಿಡ್ಡ ಯಾರಿಗೋ ಅಂದೆಯಲ್ಲ, ಅನ್ನಿಸಿತು, ಅವತ್ತು ಕೈ ತಾನೇ ಬಗ್ಗಿ ತೋರಿಸಿದ್ದು, ತನಗೂ ಹೇಳದೆ ಇವಳ ಅಳತೆ ತೋರಿಸಿದ್ದು. ಹುಡುಗರು ಬಿಟ್ಟು ಹೋದ ಚಪ್ಪಲಿಗಳು ಅವಳ ಕೈಯಲ್ಲಿದ್ದವು, ಭತ್ತದ ಗದ್ದೆಯ ಬದುವಿನ ಹಸಿ ಎರೆಮಣ್ಣು ಮೆತ್ತಿದವು, ಕಳೆದುಹೋದಾವೆಂದೋ ಏನೋ ಮಗ್ಗುಲಲ್ಲೇ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು, ನಾಲ್ಕು ಜೊತೆ. ಇನ್ನೊಬ್ಬ ಕೂರುವ ಜಾಗ ಅದು. ಅವನು ಬಂದು ನಿಂತ. ಅವಳು ನೋಡಿದಳು, ಬೆಚ್ಚಲಿಲ್ಲ, ಇವನು ಇಲ್ಲಿ ಕೆಲಸಕ್ಕಿರುವುದು ಗೊತ್ತಿತ್ತೇನೋ. ಬೆನ್ನಿಗೆ ಛಲೋ ಐತಿ, ಅಂದಳು. ಹೂಂ ಅಂದ. ನೀ ಹತ್ತಂಗಿಲ್ಲೇನು ಎಂದು ಕೇಳಿದಳು, ಇಲ್ಲ, ನನಗ ಕೆಲಸ ಇಲ್ಲೇ, ಹತ್ತದೋರ ಕಡೆ, ಅಂದ. ಅವಳ ತುಟಿ ಸ್ವಲ್ಪ ಅಲುಗಿತು, ನಗುವೋ ಏನೋ. ತೊಟ್ಟಿಲು ಒಂದು ಸುತ್ತು ಬಂತು. ಆಮೇಲೆ ಅವಳು ಅದರ ಕಡೆಗೇ ನೋಡುತ್ತ ಕೇಳಿದಳು.

ಲಿಂಗಸುಗೂರಾಗ ಹತ್ತಿದ್ದೆಂತ, ಆದೆಪ್ಪ ಹೇಳಿದ್ದ. ಮ್ಯಾಲಿಂದ ಏನು ಕಾಣಸ್ತೈತಿ?

ಏನು ಕಾಣುತ್ತಿತ್ತು — ಊರ ಮಾಳಿಗೆಗಳು, ಒಣಹಾಕಿದ ಸೀರೆ, ಎಳ್ಳಿನಷ್ಟು ಎತ್ತುಗಳು, ಆಮೇಲೆ ರಸ್ತೆ, ಕರ್ರಗೆ ಹೊಲಗಳ ನಡುವೆ ಹಾಯ್ದು ಹೋಗುವ ಮಸ್ಕಿಯ ರಸ್ತೆ, ಅದರ ಕೊನೆಗೆ ಯಾರು ಕುಂತಿದ್ದಾರೆಂದು ಅಲ್ಲಿ ಮೇಲೆ, ನೆತ್ತಿಯಲ್ಲಿ ತೊಟ್ಟಿಲು ತುಸು ನಿಂತಾಗ, ನೆನಪಾಗಿತ್ತು, ಖಂಡಿತ ನೆನಪಾಗಿತ್ತು, ಇಳಿದು ಇನ್ನೊಂದು ಚೀಟಿ ತೆಗೆದುಕೊಂಡು ಮತ್ತೆ ಹತ್ತಿದ್ದ. ಮರೆತಿರಲಿಲ್ಲ. ಹನ್ನೊಂದು ವರ್ಷ ಎಲ್ಲರ ಮುಂದೆ ಮರೆತೆ ಮರೆತೆ ಎಂದು ಹೇಳಿ ಹೇಳಿ ತಾನೇ ಅದನ್ನು ನಂಬಿದ್ದ, ಈಗಲೂ ಹಾಗೇ ಹೇಳಬಹುದು, ಮಾಳಿಗೆ ಕಾಣಸ್ತಾವು ಅಂದರೆ ಮುಗಿಯಿತು, ತೊಟ್ಟಿಲ ಕಬ್ಬಿಣ ಕಿರ್ ಎನ್ನುತ್ತಿದೆ.

ಮಸ್ಕಿ ರೋಡು ಕಾಣತಿತ್ತು, ಅಂದ. ನೀ ಕುಂತದ್ದು ನೆನಪಾತು. ಮತ್ತೊಂದು ಸುತ್ತು ಹೋದೆ.

ಅವಳು ಹಾಂ ಅಂದಳು, ಮೆಲ್ಲಗೆ, ಎಂದೋ ಗೊತ್ತಿದ್ದ ಸುದ್ದಿಯನ್ನು ಕೊನೆಗೂ ಸರಿಯಾದ ಬಾಯಿಂದ ಕೇಳಿದವಳಂತೆ, ಹನ್ನೊಂದು ವರ್ಷ ಬೇಕಾತೇನು ಇಷ್ಟು ಹೇಳಾಕ, ಅಂದಳು, ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಒಳ್ಳೆಯದಿತ್ತು. ಹುಡುಗರು ಇಳಿದು ಓಡಿಬಂದರು, ಅವಳು ಚಪ್ಪಲಿಗಳನ್ನು ಒಂದೊಂದು ಜೊತೆಯಾಗಿ ನೆಲಕ್ಕಿಟ್ಟಳು, ಒಬ್ಬನ ಕಾಲು ತಾನೇ ಹಿಡಿದು ತೂರಿಸಿದಳು, ಎದ್ದಳು, ಬರತೀನಿ ಅಂದಳೋ ಹೋಗತೀನಿ ಅಂದಳೋ ಹುಡುಗರ ಗದ್ದಲದಲ್ಲಿ ಕೇಳಲಿಲ್ಲ, ಟ್ರಾಕ್ಟರು ಹೊಗೆ ಬಿಟ್ಟಿತು, ಮುಕ್ಕುಂದದ ಕಡೆಗೆ ತಿರುಗಿತು. ಮಾಳಿಂಗಪ್ಪ ಕೂರಬೇಕೆಂದು ಕಟ್ಟೆಯ ಕಡೆ ಹೊರಳಿದ. ಧೂಳಿನಲ್ಲಿ ಅವಳು ಒರೆಸಿಕೊಂಡ ಜಾಗ, ನಯವಾಗಿ, ಒಬ್ಬಳಿಗಾಗುವಷ್ಟು, ಅದರ ಮಗ್ಗುಲಲ್ಲಿ ಚಪ್ಪಲಿಯ ಗುರುತು, ಹಸಿಮಣ್ಣಿನವು, ಸಾಲಾಗಿ, ಎಂಟು, ಎಲ್ಲಿ ಕೂರಬೇಕು — ಆ ನಯವಾದ ಜಾಗ ಅವನದಲ್ಲ, ಈ ಜಾಗದಲ್ಲಿ ಗುರುತುಗಳಿವೆ, ಎಂಟು, ಅಂಚು ಒಣಗುತ್ತಿದೆ, ನಡುವೆ ಇನ್ನೂ ಕಪ್ಪು, ಸಣ್ಣ ಸಣ್ಣ ಪಾದ, ಎಂಟು, ಅವನು ನಿಂತೇ ಇದ್ದ.